ಕುಂಕುಮ ಹಚ್ಚಿದ ಗಾಲಿ

ಬಿಸಿ ಎಂಜಿನ್ ಆಯಿಲ್‌ಗೆ ತನ್ನದೇ ಒಂದು ವಾಸನೆ ಇದೆ. ಕರಿದ ಎಣ್ಣೆಯದಲ್ಲ, ಸೀಮೆಎಣ್ಣೆಯದೂ ಅಲ್ಲ. ತಳ ಹತ್ತಿದ ಬೆಲ್ಲದ ಪಾಕಕ್ಕೆ ಸ್ವಲ್ಪ ಹತ್ತಿರ. ಹೋದ ವಾರ ಬೈಲಹೊಂಗಲದ ಪೆಟ್ರೋಲ್ ಪಂಪಿನಲ್ಲಿ ನಮ್ಮ ಅಕ್ಕನ ಮೊಮ್ಮಗಳು ತನ್ನ ಕಾರಿನ ಬಾನೆಟ್ ಎತ್ತಿ, ಎಣ್ಣೆ ನೋಡುವ ಕಡ್ಡಿ ಎಳೆದು, ಹಳೇ ಸೀರೆಯ ತುಂಡಿನಿಂದ ಒರೆಸಿದಳು. "ಒಂದ್ ಮಿನಿಟ್ ಹಿಡೀರಿ ಅಜ್ಜಿ" ಅಂತ ಆ ತುಂಡನ್ನು ಕಿಟಕಿಯಿಂದ ನನ್ನ ಕೈಗೆ ಕೊಟ್ಟಳು. ಹಿಡಿದುಕೊಂಡೆ. ಕಾಟನ್ ಸೀರೆ, ತೆಳ್ಳಗಾಗಿತ್ತು, ನಡುವೆ ಕಪ್ಪು ಗೆರೆ. ವಾಸನೆ ಮೂಗಿಗೆ ಬಂದದ್ದೇ ತಡ, ನನ್ನ ಬಾಯಿಂದ ನಾನು ಯೋಚಿಸದ ಮಾತೊಂದು ಹೊರಟಿತು: "ಗಾಡಿ ಈಗ ನಿಂತೈತಿ, ಎಣ್ಣಿ ಕೆಳಗ ಇಳೀಲಿ, ಸ್ವಲ್ಪ ತಡದ ನೋಡು." ಹುಡುಗಿ ನಕ್ಕು, "ನಿಮಗ ಇದೆಲ್ಲ ಹೆಂಗ ಗೊತ್ತು?" ಅಂದಳು. ನನಗೆ ಗೊತ್ತಿರಲಿಲ್ಲ. ಅದು ಎದುರು ಮನೆ ವೈನಿಯ ಮಾತು. ನನ್ನ ಬಾಯಲ್ಲಿ ಇಷ್ಟು ವರ್ಷ ಎಲ್ಲಿ ಕೂತಿತ್ತೋ...

ವೈನಿ ಅಂದರೆ ಅಣ್ಣನ ಹೆಂಡತಿ. ನನಗೂ ಅವರಿಗೂ ಅಂಥ ಸಂಬಂಧವೇನೂ ಇರಲಿಲ್ಲ. ನಮ್ಮ ಮನೆ ಮತ್ತು ಅವರ ಮನೆಯ ನಡುವೆ ಒಂದು ಎತ್ತಿನ ಗಾಡಿ ಹಾಯುವಷ್ಟು ರಸ್ತೆ, ಅಷ್ಟೇ. ಅವರ ಯಜಮಾನರನ್ನು ನಾನು ಅಣ್ಣಾರು ಅನ್ನುತ್ತಿದ್ದೆ, ಹಾಗಾಗಿ ಅವರು ವೈನಿಯಾದರು. ಅವರು ನನ್ನನ್ನು ಟೀಚರ್ ಅನ್ನುತ್ತಿದ್ದರು. ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು; ಧಾರವಾಡದ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಕಲಿಸುತ್ತಿದ್ದೆ. ಮದುವೆಯಾಗಲಿಲ್ಲ. ದಿನಾ ಬಸ್ಸಿನಲ್ಲಿ ಬೈಲಹೊಂಗಲದಿಂದ ಹೋಗಿ ಬರುತ್ತಿದ್ದೆ. ನನ್ನ ಬಗ್ಗೆ ಇಷ್ಟು ಸಾಕು.

ಅಣ್ಣಾರು ಮತ್ತು ಅವರ ತಮ್ಮ ಹತ್ತಿ ವ್ಯಾಪಾರದವರು, ಪೇಟೆಯಲ್ಲಿ ಅಡತಿ ಅಂಗಡಿ. ಮನೆ ಮುಂದೆ ಒಂದು ಬಿಳಿ ಸಣ್ಣ ಕಾರು. ಕಾರು ಅಂದರೆ ಅಣ್ಣಾರಿಗೆ ಪ್ರಾಣ, ಆದರೆ ಅದನ್ನು ಓಡಿಸುವುದಷ್ಟೇ. ಬಾನೆಟ್ ಎತ್ತಿ ನೋಡಿದವರಲ್ಲ. ನಮ್ಮ ಊರಲ್ಲಿ ಮೈಲೇಜ್ ಅನ್ನುವುದಿಲ್ಲ, ಅವರೇಜ ಅನ್ನುತ್ತಾರೆ. ಲೀಟರಿಗೆ ಎಷ್ಟು ದೂರ ಓಡುತ್ತದೋ ಅದು. ಅಣ್ಣಾರಿಗೆ ಅವರೇಜದ ಹುಚ್ಚು. ಸವದತ್ತಿಯ ಎಲ್ಲಮ್ಮನ ಗುಡ್ಡ ಇಳಿಯುವಾಗ ಎಂಜಿನ್ ಬಂದ್ ಮಾಡಿ, ನ್ಯೂಟ್ರಲ್‌ಗೆ ಹಾಕಿ, ಗಾಡಿಯನ್ನು ತನ್ನ ಪಾಡಿಗೆ ಬಿಡುತ್ತಿದ್ದರು. "ನೋಡ್ರಿ ಟೀಚರ್, ಫುಕಟ್ ಇಳದ್ವಿ" ಅನ್ನುತ್ತಿದ್ದರು. ಹಿಂದಿನ ಸೀಟಿನಲ್ಲಿ ನಾನು ಹಿಂದೂ ಮನೆಯ ಹೆಂಗಸು, ಸಿಸ್ಟರ್‌ಗಳು ಕಲಿಸಿದ ಪ್ರೇಯರ್ ಹೇಳಿಕೊಳ್ಳುತ್ತಿದ್ದೆ. ವೈನಿ ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ತೆಂಗಿನಕಾಯಿ ಹಿಡಿದು ಸುಮ್ಮನೆ ಕೂತಿರುತ್ತಿದ್ದರು. ಆಗ ಅವರಿಗೆ ಕ್ಲಚ್ ಯಾವುದು, ಬ್ರೇಕ್ ಯಾವುದು ಗೊತ್ತಿರಲಿಲ್ಲ.

ಆಮೇಲೆ ಅಣ್ಣಾರ ಕಿಡ್ನಿ ಕೆಟ್ಟವು. ವಾರಕ್ಕೆರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಧಾರವಾಡದಲ್ಲಿ ಡಯಾಲಿಸಿಸ್. ಒಂದು ಪಾಳಿ ತಪ್ಪಿದರೆ ಮೈಯೆಲ್ಲ ಬಾತು ಉಸಿರು ಹತ್ತುತ್ತದೆ, ಎರಡು ತಪ್ಪಿದರೆ ಹೇಳುವ ಹಾಗಿಲ್ಲ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಸ್ವಲ್ಪ ದಿನ ಬಸ್ಸಿನಲ್ಲಿ ಹೋದರು. ಬರುವಾಗ ಅಣ್ಣಾರು ಕಿಟಕಿಗೆ ತಲೆ ಆನಿಸಿ, ಬಾಯಿಗೆ ಟಾವೆಲ್ ಹಿಡಿದು... ಆ ಬಸ್ಸುಗಳಲ್ಲಿ ಕೆಲವು ಸಲ ನಾನೂ ಇದ್ದೆ. ತಮ್ಮನಿಗೆ ಅಂಗಡಿ ಬಿಟ್ಟು ಬರಲಾಗುತ್ತಿರಲಿಲ್ಲ. ಒಂದು ದಿನ ವೈನಿ, "ಗಾಡಿ ನಾ ಹೊಡೀತೇನಿ" ಅಂದರಂತೆ. ಮನೆಯಲ್ಲಿ ಯಾರೂ ನಗಲಿಲ್ಲ, ಯಾಕೆಂದರೆ ಅವರು ನಗಿಸುವವರಲ್ಲ.

ಸೀಸನ್ ಇಲ್ಲದ ದಿನಗಳಲ್ಲಿ ಖಾಲಿ ಬಿದ್ದಿರುತ್ತಿದ್ದ ಹತ್ತಿ ಮಾರ್ಕೆಟ್ಟಿನ ಬಯಲಲ್ಲಿ ಅಣ್ಣಾರೇ ಕಲಿಸಿದರು. ಮೈಯಲ್ಲಿ ಶಕ್ತಿ ಇರಲಿಲ್ಲ, ಬಾಯಲ್ಲಿತ್ತು.

"ಅದು ಕ್ಲಚ್ಚು, ಬೀಸೂಕಲ್ಲಲ್ಲ."

"ಬೀಸೂಕಲ್ಲಾಗಿದ್ರ ನಿಮ್ಮನ್ಯಾಕ ಕೇಳತಿದ್ನಿ?"

ಮಳೆಗಾಲ ಮುಗಿಯುವಷ್ಟರಲ್ಲಿ ವೈನಿ ಲೈಸೆನ್ಸ್ ಕೈಗೆ ತಂದರು. ಓಣಿಯಲ್ಲಿ ಮಾತಾದವು. ಮೈದುನ ಕೆಟ್ಟ ಮನುಷ್ಯನಲ್ಲ, ಟು ಬಿ ಫೇರ್. ಅಣ್ಣನ ಜೀವದ ಹೆದರಿಕೆ ಆತನಿಗೂ ಇತ್ತು. ಒಂದು ಸಂಜೆ ಅವರ ಕಟ್ಟೆಯ ಮೇಲೆ ನಾನೂ ಕೂತಿದ್ದಾಗ ಮೈದುನ ಒಂದು ಶರತ್ತು ಹಾಕಿದರು: "ವೈನಿ, ನಿಮ್ಮ ಕೈಯಾಗ ನಮ್ಮಣ್ಣನ್ನ ಕೊಡತೇನಿ. ಒಂದs ಸಲ ಎಡವಿದ್ರೂ ಚಾವಿ ನನ್ನ ಕೈಯಾಗ. ಆಮ್ಯಾಲೆ ಕೇಳಬ್ಯಾಡ್ರಿ." ವೈನಿ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತದೆ, "ಕೇಳೂದಿಲ್ಲ" ಅಂದರು.

ಆ ಮಾತಿನ ತೂಕ ಎಷ್ಟು ಅಂತ ನನಗೆ ಗೊತ್ತಾದದ್ದು ಅಮಾವಾಸ್ಯೆಯ ದಿನ. ನಮ್ಮ ಕಡೆ ಗಾಡಿ ಇಟ್ಟವರು ಅಮಾವಾಸ್ಯೆಗೊಮ್ಮೆ ಅದಕ್ಕೆ ಪೂಜೆ ಮಾಡುತ್ತಾರೆ. ತೊಳೆದು, ವಿಭೂತಿ ಕುಂಕುಮ ಹಚ್ಚಿ, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ, ಕಾಯಿ ಒಡೆದರೆ ಮುಗಿಯಿತು. ಅಣ್ಣಾರೂ ಹಾಗೇ ಮಾಡುತ್ತಿದ್ದರು, ಬಹಳ ಭಕ್ತಿಯಿಂದ, ಒಂದು ಹಾಡು ಮುಗಿಯುವಷ್ಟರಲ್ಲಿ. ವೈನಿ ಆ ಪೂಜೆಯನ್ನು ಬಿಡಲಿಲ್ಲ, ಅದರ ರೀತಿ ಬದಲಿಸಿದರು. ಕುಂಕುಮದ ತಟ್ಟೆಯನ್ನು ಮೆಟ್ಟಿಲ ಮೇಲೆ ಇಟ್ಟು, ಹಿಂದಿನ ಎಡಗಾಲಿಯಿಂದ ಶುರು. ಟೈರಿನ ಗಾಳಿ ನೋಡುವುದು, ಗೀರುಗಳಲ್ಲಿ ಸಿಕ್ಕ ಕಲ್ಲು ತೆಗೆಯುವುದು, ಗಾಲಿಯ ಒಳಮೈಗೆ ಕೈ ಹಾಕಿ ಬ್ರೇಕ್ ಆಯಿಲ್ ಸೋರಿದ ಪಸೆ ಏನಾದರೂ ಇದೆಯೇ ಅಂತ ಸವರಿ, ಆ ಬೆರಳುಗಳನ್ನು ಮೂಸುವುದು. ಎಲ್ಲ ಸರಿ ಇದ್ದರೆ ಆ ಗಾಲಿಗೆ ಒಂದು ಸಣ್ಣ ಬೊಟ್ಟು ಕುಂಕುಮ. ಆಮೇಲೆ ಮುಂದಿನ ಗಾಲಿ. ಕೊನೆಗೆ ಬಾನೆಟ್: ಎಂಜಿನ್ ಎಣ್ಣೆ, ರೇಡಿಯೇಟರಿನ ನೀರು, ಬ್ರೇಕ್ ಆಯಿಲಿನ ಡಬ್ಬಿ, ಬ್ಯಾಟರಿ. ನೋಡಿ ಮುಗಿದರೆ ಬಾನೆಟ್ಟಿನ ಮೇಲೆ ಒಂದು ಬೊಟ್ಟು.

ಯಾಕೆ ಹೀಗೆ ಅಂತ ಕೇಳಿದೆ. "ಒಲಿ ಮ್ಯಾಲೆ ಪಲ್ಯ ಇರತೈತಿ ಟೀಚರ್, ನಡುವ ಒಳಗ ಹೋಗಿ ಬರಬೇಕ. ಎಲ್ಲಿತನಕ ನೋಡೇನಿ ಮರತಹೋಗತೈತಿ. ಬೊಟ್ಟ ಇದ್ರ ನೋಡಿದ್ದು, ಇಲ್ಲಂದ್ರ ನೋಡಬೇಕಾದ್ದು." ದೇವರಿಗೂ ಆಯಿತು, ಗಾಡಿಗೂ ಆಯಿತು. ಇದನ್ನು ಅವರು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಪೂಜೆಯಲ್ಲಿ ಲೆಕ್ಕ ಬೆರೆಸಿದ್ದು ಯಾರಿಗೆ ಸೇರುತ್ತದೋ ಇಲ್ಲವೋ ಅಂತ ಇರಬೇಕು. ನನಗೆ ಹೇಳಿದ್ದು ನಾನು ಬ್ರೇಕ್ ಲೈಟ್ ನೋಡಲು ಹಿಂದೆ ನಿಲ್ಲುತ್ತಿದ್ದೆ ಅಂತ. "ಹತ್ತಿತೇನ್ರಿ?" ಅನ್ನುವರು, "ಹತ್ತಿತು" ಅನ್ನುವೆ. ನನ್ನ ಕಾಂಟ್ರಿಬ್ಯೂಶನ್ ಅಷ್ಟೇ.

ಏರ್ ಫಿಲ್ಟರ್ ಮಾತ್ರ ಅಮಾವಾಸ್ಯೆಗೆ ಕಾಯುತ್ತಿರಲಿಲ್ಲ. ಹತ್ತಿ ಸೀಸನ್ನಿನಲ್ಲಿ ಜಿನ್ನಿಂಗ್ ಫ್ಯಾಕ್ಟರಿಗಳು ಶುರುವಾದವೆಂದರೆ ನಮ್ಮ ಊರಿನ ಗಾಳಿಯಲ್ಲಿ ಸಣ್ಣ ಅರಳೆ ಹಾರಾಡುತ್ತಿರುತ್ತದೆ. ಒಣಹಾಕಿದ ಸೀರೆಗೆ, ಮೊಸರಿನ ಕೆನೆಗೆ, ನಮ್ಮ ರೆಪ್ಪೆಗೆ. ಫಿಲ್ಟರ್ ಹೊರಗೆ ತೆಗೆದರೆ ಅದರ ಮಡಿಕೆಗಳಲ್ಲಿ ಬಿಳಿ ಅರಳೆ ಅಂಟಿರುತ್ತಿತ್ತು. ವೈನಿ ವಾರಕ್ಕೊಮ್ಮೆ ಅದನ್ನು ಕಟ್ಟೆಗೆ ಮೆಲ್ಲಗೆ ಬಡಿದು, ಹಲ್ಲುಜ್ಜುವ ಹಳೇ ಬ್ರಶ್ಶಿನಿಂದ ಬಿಡಿಸುತ್ತಿದ್ದರು. "ಮೂಗು ಕಟ್ಟಿದ್ರ ಮನಶಾ ಬಾಯಿ ತಗೀತಾನ, ಗಾಡಿ ಪೆಟ್ರೋಲ ಕುಡೀತೈತಿ" ಅನ್ನುತ್ತಿದ್ದರು. ಅಣ್ಣಾರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ತಾವು ಗುಡ್ಡ ಇಳಿಸಿ ಉಳಿಸುತ್ತಿದ್ದ ಅವರೇಜವನ್ನು ಈಕೆ ಬ್ರಶ್ಶಿನಿಂದ ಉಳಿಸಿದ್ದು ಅವರಿಗೆ ಒಗಟಾಗಿತ್ತು. ಒಮ್ಮೆ ಪೆಟ್ರೋಲ್ ಮುಳ್ಳು ನೋಡಿ, "ಇದು ಕೆಟ್ಟೈತಿ, ಇಳೀವಲ್ದು" ಅಂದರು. ಮುಳ್ಳು ಸರಿ ಇತ್ತು.

ಮಂಗಳವಾರ ಶುಕ್ರವಾರ ನಾನೂ ಅದರಲ್ಲೇ ಹೋಗುತ್ತಿದ್ದೆ. ಮುಂದೆ ಅವರಿಬ್ಬರು, ಹಿಂದೆ ನಾನು ಮತ್ತು ಒಂದು ಸ್ಟೀಲ್ ಡಬ್ಬಿ. ವೈನಿ ಗಾಡಿ ಹೊಡೆಯುವುದು ರೊಟ್ಟಿ ಬಡಿದ ಹಾಗೆ, ಒಂದೇ ಲಯ. ಕಾಲು ಎಕ್ಸಲರೇಟರ್ ಮೇಲೆ ಒತ್ತುವುದಿಲ್ಲ, ಸುಮ್ಮಸುಮ್ಮನೆ ಬ್ರೇಕ್ ಹಾಕುವುದಿಲ್ಲ. ದೂರದಲ್ಲಿ ದನ ಕಂಡರೆ ಅಲ್ಲಿಂದಲೇ ನಿಧಾನ. ಅಣ್ಣಾರು, "ಆ ಟ್ರ್ಯಾಕ್ಟರ ಹಿಂದ ಇವತ್ತು ಸಂಜೀತನಕ ಹೋಗೂದೇನ?" ಅಂತ ಕುಟುಕುತ್ತಿದ್ದರು. ಅದೊಂದು ಹ್ಯಾಪಿ ಕಾಲ ಅಂತ ಹೇಳಿದರೆ ವಿಚಿತ್ರ. ರೋಗಿಯನ್ನು ಕರೆದುಕೊಂಡು ಹೋಗುವ ಗಾಡಿ ಅದು. ಆದರೂ...

ಆ ವರ್ಷದ ಎಳ್ಳಮಾವಾಸ್ಯೆ ಶುಕ್ರವಾರ ಬಂತು. ಎಳ್ಳಮಾವಾಸ್ಯೆ ನಮ್ಮ ಕಡೆ ದೊಡ್ಡ ಹಬ್ಬ. ಹೊಲಕ್ಕೆ ಬುತ್ತಿ ಹೋಗಬೇಕು. ಸಜ್ಜೆ ರೊಟ್ಟಿ, ಕಡಬು, ಎಣಗಾಯಿ, ಐದಾರು ಪಲ್ಯ. ಡಯಾಲಿಸಿಸ್‌ಗೆ ಹಬ್ಬ ಗೊತ್ತಿಲ್ಲ. ವೈನಿ ಬೆಳಕು ಹರಿಯುವ ಮುಂಚೆ ಎದ್ದು ಅಡುಗೆ ಒಂದು ಕಡೆ, ಗಾಡಿ ಒಂದು ಕಡೆ ಮಾಡುತ್ತಿದ್ದರು. ಹಿಂದಿನ ಎರಡು ಗಾಲಿ ನೋಡಿ ಬೊಟ್ಟು ಇಟ್ಟದ್ದನ್ನು ನಾನು ನಮ್ಮ ಬಾಗಿಲಿಂದ ನೋಡಿದೆ. ಅಷ್ಟರಲ್ಲಿ ಒಳಗಿಂದ ಏನೋ ಸೀದ ವಾಸನೆ ಬಂತು, ಅವರು ಒಳಗೆ ಓಡಿದರು. ನಾನು ಸೀರೆ ಉಡಲು ಹೋದೆ.

ಸೀರೆ ಉಟ್ಟು ಹೊರಗೆ ಬಂದಾಗ ನಾಲ್ಕೂ ಗಾಲಿಗೆ ಕುಂಕುಮ ಇತ್ತು. ಬಾನೆಟ್ಟಿಗೂ ಇತ್ತು. ಅಣ್ಣಾರು ಶಾಲು ಹೊದ್ದು ಆಗಲೇ ಮುಂದಿನ ಸೀಟಿನಲ್ಲಿ ಕೂತಿದ್ದರು. ವೈನಿ ಕೈ ಒರೆಸಿಕೊಳ್ಳುತ್ತ ಬಂದರು, ಗಾಡಿಯ ಎದುರು ನಿಂತರು. ಒಂದು ಗಳಿಗೆ ಗಾಲಿಯಿಂದ ಗಾಲಿಗೆ ನೋಡಿದರು. ನೋಡಿದೆನೋ ಇಲ್ಲವೋ ಅಂತ ತಮ್ಮನ್ನೇ ಕೇಳಿಕೊಂಡ ಹಾಗಿತ್ತು ಆ ನಿಲುವು. ಕುಂಕುಮ ಇತ್ತು. ಹೊತ್ತಾಗಿತ್ತು. ಕಾಯಿ ಒಡೆದು, ಸೀಟಿಗೆ ಕೂತು, ಹೊರಟರು.

ಅದಕ್ಕೆ ಎರಡು ದಿನ ಮುಂಚೆ ವೈನಿ ತವರಿಗೆ, ರಾಮದುರ್ಗ ತಾಲೂಕಿನ ಕಟಕೋಳಕ್ಕೆ, ಅದೇ ಗಾಡಿಯಲ್ಲಿ ಹೋಗಿ ಬಂದಿದ್ದರು. ಸುಗ್ಗಿಯಲ್ಲಿ ಆ ಕಡೆಯ ಡಾಂಬರು ರಸ್ತೆಗಳೇ ಕಣ. ಹುರುಳಿಯ ಒಣ ಬಳ್ಳಿಯನ್ನು ರಸ್ತೆ ತುಂಬ ಹಾಸಿ, ಹೋಗಿ ಬರುವ ಗಾಡಿಗಳಿಂದಲೇ ತುಳಿಸಿ ಕಾಳು ಬಿಡಿಸುತ್ತಾರೆ. ಲಾರಿ, ಬಸ್ಸುಗಳಿಗೆ ಏನೂ ಆಗುವುದಿಲ್ಲ. ಸಣ್ಣ ಕಾರಿಗೆ ಹೊಟ್ಟೆ ತಗ್ಗು; ಬಳ್ಳಿ ಕೆಳಗಿಂದ ಎದ್ದು ಗಾಲಿಯ ಒಳಗಿನ ತಿರುಗುವ ರಾಡಿಗೆ ಸುತ್ತಿಕೊಳ್ಳುತ್ತದೆ.

ದೊಡವಾಡ ಹತ್ತಿರ ಬರುವಾಗ ಎಮ್ಮೆಗಳು ರಸ್ತೆಗೆ ಇಳಿದವು. ವೈನಿ ಎಂದಿನಂತೆ ದೂರದಿಂದಲೇ ಎಕ್ಸಲರೇಟರ್ ಬಿಟ್ಟರು, ಆಮೇಲೆ ಬ್ರೇಕಿಗೆ ಕಾಲಿಟ್ಟರು. ನಾನು ಹಿಂದೆ ಕೂತು ಹುಡುಗರ ಕಂಪೊಸಿಶನ್ ತಿದ್ದುತ್ತಿದ್ದೆ. ಕೇಳಿದ್ದು ಒಂದು ಶಬ್ದ ಮಾತ್ರ: ಪೆಡಲ್ ತಳಕ್ಕೆ ತಾಗಿದ್ದು. ಮತ್ತೆ ತಾಗಿತು, ಮತ್ತೆ. ವೈನಿ ಗೇರು ಇಳಿಸಿದರು, ಎಂಜಿನ್ ಅರಚಿತು, ಇನ್ನೊಂದು ಗೇರು ಇಳಿಸಿದರು, ಕೈಬ್ರೇಕನ್ನು ಸ್ವಲ್ಪ ಸ್ವಲ್ಪವೇ ಎಳೆದರು. ಎಮ್ಮೆಗಳ ಪಕ್ಕದಿಂದ ಗಾಡಿಯನ್ನು ರಸ್ತೆ ಬಿಡಿಸಿ, ಹೊಲದ ಅಂಚಿನ ಒಂದು ಮೇವಿನ ಬಣವೆಗೆ ಮೂತಿ ತೂರಿಸಿ ನಿಲ್ಲಿಸಿದರು. ಎದುರಿನ ಗಾಜಿನ ತುಂಬ ಕಣಿಕೆ. ಅಣ್ಣಾರ ಶಾಲು ಕೂಡ ಜಾರಲಿಲ್ಲ.

ಬಣವೆಯ ಯಜಮಾನ ಬಂದ. ಮೊದಲು ಬಣವೆ ನೋಡಿದ, ಆಮೇಲೆ ಒಳಗಿದ್ದ ನಮ್ಮನ್ನು. "ಬಾಯಾರ, ಅದು ಎತ್ತಿಗೆ ಹಾಕೂ ಮೇವ್ರಿ, ಕಾರಿಗಲ್ಲ" ಅಂದ. ನಾನು ಜೋರಾಗಿ ನಕ್ಕೆ. ಹೆದರಿಕೆ ಹಾಗೆ ಹೊರಗೆ ಬಂತು ಅಂತ ಕಾಣುತ್ತದೆ. ವೈನಿ ಇಳಿದು ಅವನ ಕ್ಷಮೆ ಕೇಳಿದರು, ನೀರು ತರಿಸಿ ಅಣ್ಣಾರನ್ನು ಒಂದು ಕಲ್ಲಿನ ಮೇಲೆ ಕೂರಿಸಿದರು. ಆತನೇ ಊರೊಳಗಿಂದ ಟ್ರ್ಯಾಕ್ಟರ್ ರಿಪೇರಿಯವನನ್ನು ಕರೆತಂದ, ಫೋನ್ ಇದ್ದ ಅಂಗಡಿಯಿಂದ ಮೈದುನನಿಗೂ ಸುದ್ದಿ ಮುಟ್ಟಿಸಿದ.

ರಿಪೇರಿಯವನು ಮುಂದಿನ ಗಾಲಿಯ ಹಿಂದೆ ಕೈ ಹಾಕಿ ಎಳೆದ. ಹಗ್ಗದ ಹಾಗೆ ಹೊಸೆದುಕೊಂಡ ಹುರುಳಿ ಬಳ್ಳಿ ಬಂತು, ಮೊಳಗಟ್ಟಲೆ. ಅದು ಎರಡು ದಿನ ಉಜ್ಜಿ ಉಜ್ಜಿ ಬ್ರೇಕ್ ಆಯಿಲಿನ ರಬ್ಬರ್ ಪೈಪನ್ನು ಸವೆಸಿತ್ತು. ಗಾಲಿಯ ಒಳಮೈ ಎಲ್ಲ ತೊಯ್ದಿತ್ತು. "ಇಷ್ಟ ಸೋರೈತಿ, ಯಾರೂ ಕೈ ಹಚ್ಚಿ ನೋಡಿಲ್ಲೇನ್ರಿ?" ಅಂದ. ತಪ್ಪು ಹುಡುಕುವ ದನಿಯಲ್ಲ, ಸುಮ್ಮನೆ ಕೇಳಿದ್ದು.

ವೈನಿ ಆ ಗಾಲಿಯ ಕುಂಕುಮ ನೋಡಿದರು. ನಾನೂ ನೋಡಿದೆ. ಅದು ಅವರ ಸಣ್ಣ ಬೊಟ್ಟಲ್ಲ. ಅಗಲವಾಗಿ ಬಳಿದದ್ದು, ಕೆಳಗಿನ ವಿಭೂತಿಯ ಪಟ್ಟೆಯೂ ಜೋರು. ಭಕ್ತಿಯಿಂದ ಹಚ್ಚಿದ್ದು. ಅಣ್ಣಾರು ಕಲ್ಲಿನ ಮೇಲೆ ಕೂತಿದ್ದರು, ಬಲಗೈ ಮೊಣಕಾಲ ಮೇಲೆ. ಉಂಗುರದ ಬೆರಳು ಗೆಣ್ಣಿನ ತನಕ ಕೆಂಪಗಿತ್ತು. ಹೆಂಡತಿ ಒಂದೇ ಕೈಲಿ ಹಬ್ಬವನ್ನೂ ಗಾಡಿಯನ್ನೂ ಮಾಡುತ್ತಿದ್ದದ್ದು ನೋಡಿ, ತನ್ನಿಂದ ಇಷ್ಟಾದರೂ ಆಗಲಿ ಅಂತ ಮೆಟ್ಟಿಲ ಮೇಲಿನ ತಟ್ಟೆ ಎತ್ತಿಕೊಂಡಿರಬೇಕು, ಮೊದಲಿನ ದಿನಗಳ ಹಾಗೆ. ಬೊಟ್ಟಿನ ಅರ್ಥ ಅವರಿಗೆ ಯಾರು ಹೇಳಿದ್ದರು?

ನಾನು ಏನಾದರೂ ಹೇಳುತ್ತಿದ್ದೆನೋ ಏನೋ. ವೈನಿ ನನ್ನ ಕಡೆ ತಿರುಗಲೇ ಇಲ್ಲ. ತಂಬಿಗೆಯಲ್ಲಿ ಉಳಿದ ನೀರಿಗೆ ಸೆರಗಿನ ತುದಿ ಅದ್ದಿ, ಅಣ್ಣಾರ ಎದುರು ಕುಕ್ಕರುಗಾಲಲ್ಲಿ ಕೂತು, ಆ ಬೆರಳನ್ನು ಒರೆಸಿದರು. ಉಗುರಿನ ಸಂದಿಯನ್ನೂ ಬಿಡದೆ. "ಕೈ ಹೊಲಸಾಗೇತಿ" ಅಂದರು. ಅಣ್ಣಾರು ತಮ್ಮ ಬೆರಳು ನೋಡಿಕೊಂಡರು, ಆಮೇಲೆ ರಿಪೇರಿಯವನ ಕೈಲಿದ್ದ ಬಳ್ಳಿ, ಆಮೇಲೆ ಗಾಲಿ.

ಮೈದುನ ಬಾಡಿಗೆ ಜೀಪು ಮಾಡಿಕೊಂಡು ಬಂದರು. ಅಣ್ಣನನ್ನು ಮೈ ಮುಟ್ಟಿ ನೋಡಿ, ಆಮೇಲೆ ವೈನಿಯ ಕಡೆ ತಿರುಗಿದರು. ಸಿಟ್ಟು ಇರಲಿಲ್ಲ, ಹೆದರಿದ ಮನುಷ್ಯನ ದನಿ. "ಅಮಾಸಿ ಅಮಾಸಿಗೆ ಅಷ್ಟ ನೋಡತಿದ್ರಿ ವೈನಿ. ಇವತ್ತ ನೋಡಲಿಲ್ಲೇನು?"

"ಮುಂದಿನ ಗಾಲಿ ಮರತ್ನಿ" ಅಂದರು ವೈನಿ. ಆತ ಕೇಳುವ ಮೊದಲೇ ಸೊಂಟದ ಚಾವಿ ಬಿಚ್ಚಿ ಕೊಟ್ಟರು.

ಪಾಳಿ ತಪ್ಪಲಿಲ್ಲ, ಸ್ವಲ್ಪ ತಡವಾಯಿತು ಅಷ್ಟೇ. ಮರುದಿನದಿಂದ ಒಬ್ಬ ಡ್ರೈವರ್ ಬಂದ. ಚೆಂದದ ಮನುಷ್ಯ, ಹಾಡು ಹೇಳುತ್ತಿದ್ದ, ಹಿಂದೆ ಲಾರಿ ಹೊಡೆದವನು. ಲಾರಿಯ ಹಾಗೇ ಕಾರನ್ನೂ ಹೊಡೆದ. ನೆಗೆದು ಹೋಗುವುದು, ಗಕ್ಕನೆ ನಿಲ್ಲುವುದು. ಇಳುಕಲು ಕಂಡರೆ ನ್ಯೂಟ್ರಲ್. ವೈನಿ ನನ್ನ ಪಕ್ಕದಲ್ಲಿ ಹಿಂದಿನ ಸೀಟಿಗೆ ಬಂದರು. ಅವರ ಬಲಗಾಲು ಸುಮ್ಮನಿರುತ್ತಿರಲಿಲ್ಲ. ಅವನು ಬ್ರೇಕ್ ಹಾಕಬೇಕಾದ ಜಾಗದಲ್ಲೆಲ್ಲ ಚಪ್ಪಲಿ ಮೆಲ್ಲಗೆ ಮ್ಯಾಟನ್ನು ಒತ್ತುತ್ತಿತ್ತು. ಅವನು ಬಾರದ ದಿನ ಮತ್ತೆ ಬಸ್ಸು, ಬಾಯಿಗೆ ಟಾವೆಲ್. ಒಂದು ಸಲ ದಾರಿಯಲ್ಲೇ ಅಣ್ಣಾರಿಗೆ ತೀರಾ ಬಾಧೆಯಾಯಿತು. ಆಗಲೂ ವೈನಿ ಚಾವಿ ಕೇಳಲಿಲ್ಲ. ಕೇಳುವುದಿಲ್ಲ ಅಂದಿದ್ದರಲ್ಲ.

ಅಮಾವಾಸ್ಯೆಗಳು ನಿಲ್ಲಲಿಲ್ಲ. ವೈನಿ ಹೊಡೆಯದ ಗಾಡಿಯ ಗಾಲಿಗಳನ್ನು ವೈನಿಯೇ ನೋಡುತ್ತಿದ್ದರು. ಒಂದು ವ್ಯತ್ಯಾಸ ಮಾತ್ರ. ಕುಂಕುಮದ ತಟ್ಟೆ ಈಗ ಮೆಟ್ಟಿಲ ಮೇಲೆ ಇರುತ್ತಿರಲಿಲ್ಲ, ಅಣ್ಣಾರ ಕೈಯಲ್ಲಿರುತ್ತಿತ್ತು. ವೈನಿಯೇ ಕೊಟ್ಟದ್ದೋ, ಅವರೇ ತೆಗೆದುಕೊಂಡದ್ದೋ ನನಗೆ ಗೊತ್ತಿಲ್ಲ. ವೈನಿ ಒಂದು ಗಾಲಿ ನೋಡಿ ಏಳುವ ತನಕ ಅಣ್ಣಾರು ಕೋಲೂರಿ ಪಕ್ಕದಲ್ಲಿ ನಿಂತಿರುತ್ತಿದ್ದರು. ಆಮೇಲೆ ಕೇಳುತ್ತಿದ್ದರು, "ಹಚ್ಚಲೇನು?"

"ಹಚ್ರಿ."

ಮುಂದಿನ ಗಾಲಿ. "ಹಚ್ಚಲೇನು?" ಅಂಗಡಿಯಲ್ಲಿ, ಮನೆಯಲ್ಲಿ ಯಾರನ್ನೂ ಏನನ್ನೂ ಕೇಳಿ ಮಾಡಿದ ಮನುಷ್ಯನಲ್ಲ ಅದು. ನಾನು ಬ್ರೇಕ್ ಲೈಟ್ ನೋಡಲು ಹಿಂದೆ ನಿಂತವಳು, ಬೇರೆ ಕಡೆ ನೋಡುತ್ತಿದ್ದೆ.

ಹೀಗೆ ಬೇಸಿಗೆ ಬಂತು. ಒಂದು ಮಂಗಳವಾರ ಬೆಳಿಗ್ಗೆ ಡ್ರೈವರ್ ಗಾಡಿ ಶುರು ಮಾಡಿ ಕೂತಿದ್ದ. ಮೈದುನ ಅಂಗಡಿಗೆ ಹೊರಟು ಹೊಸ್ತಿಲಲ್ಲಿದ್ದರು. ಅಣ್ಣಾರು ಡ್ರೈವರ್ ಕಡೆಯ ಬಾಗಿಲಿಗೆ ಹೋಗಿ, "ಇಳಿ. ಹಿಂದ ಟೀಚರ್ ಬಾಜೂಕ ಕುಂಡ್ರು" ಅಂದರು. ಕೈ ಒಳಗೆ ಹಾಕಿ ಎಂಜಿನ್ ಬಂದ್ ಮಾಡಿ ಚಾವಿ ತೆಗೆದು ವೈನಿಯ ಮುಂದೆ ಹಿಡಿದರು.

ಮೈದುನ, "ಯಾಕ ಅಣ್ಣಾ, ಏನಾತು?" ಅಂದರು.

"ಅವರೇಜ ಬರವಲ್ದು ಇವನ ಕೈಯಾಗ" ಅಂದರು ಅಣ್ಣಾರು. "ಪೆಟ್ರೋಲ ನೀರಿನಂಗ ಹೊಂಟೈತಿ. ಅಕೀನ ಹೊಡೀಲಿ."

ವ್ಯಾಪಾರದ ಮನೆ. ಅವರೇಜದ ಮಾತಿಗೆ ಎದುರು ಮಾತಿಲ್ಲ. ವೈನಿ ಚಾವಿ ತೆಗೆದುಕೊಂಡರು, ಸೀಟನ್ನು ತಮ್ಮ ಅಳತೆಗೆ ಮುಂದೆ ಎಳೆದರು, ಕನ್ನಡಿ ಸರಿಮಾಡಿದರು. ಡ್ರೈವರ್ ನನ್ನ ಪಕ್ಕದಲ್ಲಿ ಕ್ಯಾಪು ಕೈಲಿ ಹಿಡಿದು, "ಅಕ್ಕಾರು ಚಲೋ ಹೊಡೀತಾರಲ್ರಿ" ಅಂತ ನನಗೆ ಪಿಸುಗುಟ್ಟಿದ. ದೊಡವಾಡ ದಾಟುವಾಗ ಅಣ್ಣಾರು ಕಿಟಕಿ ಗಾಜು ಇಳಿಸಿದರು, ಅಷ್ಟೇ.

ಅದಾದ ಮೇಲೆ ಅವರು ಬಹಳ ವರ್ಷ ಬದುಕಲಿಲ್ಲ. ಆದರೆ ಗಾಡಿಯಿಂದಾಗಿ ಒಂದು ಪಾಳಿಯೂ ತಪ್ಪಲಿಲ್ಲ. ಕೊನೆಗೆ ತಪ್ಪಿದ್ದು ಅವರ ಹಾರ್ಟು. ವೈನಿ ಸ್ವಲ್ಪ ಕಾಲ ಆ ಮನೆಯಲ್ಲಿದ್ದು, ಕಟಕೋಳಕ್ಕೆ, ತವರಿನ ತಮ್ಮನ ಮನೆಗೆ ಹೋದರು. ಕಾರನ್ನು ಮಾರಿದರು. ನಾನು ರಿಟೈರ್ ಆದೆ.

ಆಮೇಲೆ ಅವರನ್ನು ನೋಡಿದ್ದು ಒಂದೇ ಸಲ, ಕಿತ್ತೂರಿನಲ್ಲಿ ಒಂದು ಮದುವೆಯಲ್ಲಿ. ಊಟ ಮುಗಿಸಿ ಮಂಟಪದ ಹಿಂದೆ ಬೇವಿನ ನೆರಳಿಗೆ ಕುರ್ಚಿ ಹಾಕಿಸಿಕೊಂಡು ಕೂತೆವು. ನನ್ನ ಕಿವಿ ಮಂದ, ಅವರ ಮೊಣಕಾಲು ಮಂದ. ಇಷ್ಟು ವರ್ಷ ಕೇಳದ್ದನ್ನು ಅಂದು ಕೇಳಿದೆ. ಬೇರೆಯವರ ಪ್ರೈವೇಟ್ ಮಾತು ಕೇಳುವುದು ನನಗೆ ಕಲಿಸಿದ ಮ್ಯಾನರ್ಸ್ ಅಲ್ಲ. ವಯಸ್ಸಾಗಿತ್ತು, ಕೇಳಿದೆ: "ವೈನಿ, ಅಣ್ಣಾರು ಚಾವಿ ಕೊಟ್ಟದ್ದು ಖರೇನ ಅವರೇಜಕ್ಕೇನ್ರಿ?"

ಅವರು ಎಲೆ ಮಡಿಸಿ ಬಾಯಿಗಿಟ್ಟುಕೊಂಡರು.

"ಚಾವಿ ಹಿಡದ ಕೈ ನಡಗತಿತ್ತು ಟೀಚರ್. ಅವರೇಜ ಕಮ್ಮಿ ಆದ್ರ ಗಂಡಸರ ಕೈ ನಡಗೂದಿಲ್ಲ."

ಯಾರೋ ಕುಪ್ಪಸದ ಕಣ ಕೊಡಲು ಬಂದರು.

ಹೋದ ವರ್ಷ ಕಟಕೋಳದಿಂದ ಫೋನ್ ಬಂತು. ವೈನಿ ತೀರಿಕೊಂಡು, ಎಲ್ಲ ಮುಗಿದ ಮೇಲೆ ಮಾಡಿದ ಫೋನು. ನನ್ನನ್ನು ಅಷ್ಟು ದೂರ ಕರೆಸಿ ತ್ರಾಸು ಯಾಕೆ ಕೊಡಬೇಕು ಅಂತ ತಾವೇ ಹೇಳಿಟ್ಟಿದ್ದರಂತೆ. ಇರಬಹುದು. ಅವರ ಸ್ವಭಾವ ಅದು. ನನಗೆ ಮಾತ್ರ ಆ ತ್ರಾಸು ಬೇಕಿತ್ತು.

ಮೈದುನ ಇದ್ದಾರೆ, ಎದುರು ಮನೆಯಲ್ಲೇ. ಅಂಗಡಿ ಮುಚ್ಚಿದರು, ಕಣ್ಣು ಸರಿ ಇಲ್ಲದ್ದಕ್ಕೆ ಪೇಪರ್ ಓದುವುದನ್ನೂ ಬಿಟ್ಟರು. ಸಂಜೆ ಹೊತ್ತು ಕಟ್ಟೆಯ ಮೇಲೆ ಕೂತು ರಸ್ತೆ ದಾಟಿ ನನ್ನೊಡನೆ ಮಾತಾಡುತ್ತಾರೆ. ಮೊನ್ನೆ ಓಣಿಯ ಯಾವುದೋ ಹುಡುಗಿ ಹೊಸ ಕಾರು ತಂದಿದ್ದಳು, ಅದನ್ನು ನೋಡಿ, ಬಹಳ ಅಭಿಮಾನದಿಂದಲೇ, ಅಂದರು: "ನಮ್ಮ ವೈನಿಯಂಗ ಯಾರ ಗಾಡಿ ನೋಡಿಕೊಂಡಾರ್ರಿ ಟೀಚರ್? ಅಷ್ಟ ವರ್ಷದಾಗ ಒಂದs ಸಲ ತಪ್ಪಿದ್ರು ನೋಡ್ರಿ. ದೊಡವಾಡದಾಗ."

ಕೆಂಪು ಬೆರಳು ನೋಡಿದವರು ಮೂವರು. ಈಗ ಉಳಿದವಳು ನಾನು. ವೈನಿ ತಮ್ಮ ಕೈಯಾರೆ ಒರೆಸಿದ್ದನ್ನು ನಾನು ಯಾಕೆ ಮತ್ತೆ...

"ಹೌದ್ರಿ, ಒಂದs ಸಲ" ಅಂದೆ.